ಅಂಗೈಯಿಂದ ಮೊಬೈಲ್ ಇಳಿಸಿದ ಮೇಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಹೋದ ಎಳ್ಳ ಅಮಾವಾಸ್ಯೆಯ ಮರುದಿನ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್ ಎರಡನ್ನೂ ಬಿಟ್ಟೆ. ಅಂದಿನಿಂದ ಸ್ಟಾಫ್ ರೂಮಿನಲ್ಲಿ, ಮದುವೆ ಮಂಟಪಗಳಲ್ಲಿ, ಸೂಪರ್ ಮಾರ್ಕೆಟ್‌ನಲ್ಲಿ ತರಕಾರಿ ಆರಿಸುವಾಗ ಕೂಡ ಜನ ಹಿಡಿದು ನಿಲ್ಲಿಸಿ ಕೇಳುತ್ತಾರೆ: "ಮೇಡಂ, ಎಲ್ಲೂ ಕಾಣುವುದೇ ಇಲ್ಲವಲ್ಲ, ಆರಾಮವಾಗಿದ್ದೀರಲ್ಲ?" ಎದುರಿಗೇ ನಿಂತಿರುವವಳು ಕಾಣುತ್ತಿಲ್ಲ ಎನ್ನುವುದು ತಮಾಷೆಯ ಮಾತು, ಆದರೆ ಕೇಳುವವರು ತಮಾಷೆಗೆ ಕೇಳುವುದಿಲ್ಲ. ಅದೇ ಉತ್ತರವನ್ನು ಎಲ್ಲರಿಗೂ ಹೇಳಿ ಗಂಟಲು ಒಣಗಿದೆ. ಆದ್ದರಿಂದ ಒಂದೇ ಸಲ ಬರೆದು ಮುಗಿಸುತ್ತಿದ್ದೇನೆ.

ನಿಜವಾಗಿ ಏನನ್ನು ಬಿಟ್ಟಿರಿ, ಏನನ್ನು ಇಟ್ಟುಕೊಂಡಿರಿ?

ಬಿಟ್ಟದ್ದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಯೂಟ್ಯೂಬ್‌ನ ಚಿಕ್ಕ ವಿಡಿಯೊಗಳು ಮತ್ತು ವಾಟ್ಸಾಪ್ ಸ್ಟೇಟಸ್. ಇಟ್ಟುಕೊಂಡದ್ದು ಫೋನ್ ಕರೆ, ಹಣ ಕಳಿಸುವ ಆ್ಯಪ್, ಕ್ಯಾಮೆರಾ, ಅರ್ಧ ವಾಟ್ಸಾಪ್. ಕೀಪ್ಯಾಡ್ ಮೊಬೈಲ್‌ಗೆ ಮರಳಿದ್ದೇನೆ ಎಂದು ಯಾರೋ ಹಬ್ಬಿಸಿದ್ದಾರೆ, ಅದು ಸುಳ್ಳು. ಅಷ್ಟು ಧೈರ್ಯ ನನಗಿಲ್ಲ.

ಬಿಡುವಂಥದ್ದು ಏನಾಯಿತು? ಯಾರಾದರೂ ಏನಾದರೂ ಅಂದರೇ?

ಯಾರೂ ಬಯ್ಯಲಿಲ್ಲ. ಬೈದಿದ್ದರೆ ಜಗಳ ಮಾಡಿ ಮತ್ತೆ ಮೊಬೈಲ್ ಹಿಡಿಯುತ್ತಿದ್ದೆ.

ನಮ್ಮ ಹೊಲ ಮಳಖೇಡ ದಾಟಿದ ಮೇಲೆ, ಸೇಡಂ ಕಡೆಗಿದೆ. ಎಳ್ಳ ಅಮಾವಾಸ್ಯೆಯ ದಿನ ಈ ಭಾಗದಲ್ಲಿ ಮನೆಯೊಳಗೆ ಉಳಿಯುವವರು ಕಡಿಮೆ. ಬುಟ್ಟಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ. ಸಜ್ಜೆ ಕಡುಬು, ಹತ್ತಾರು ಕಾಳು ಸೊಪ್ಪು ಕೂಡಿದ ಬಜ್ಜಿ, ಶೇಂಗಾ ಹೋಳಿಗೆ, ಅಂಬಲಿಯ ಕೊಡ. ಪೂಜೆ ಮಾಡಿ, ಭೂತಾಯಿಗೆ ಎಡೆಯಾಗಿ ಹೊಲದ ತುಂಬ ಚರಗ ಚೆಲ್ಲಿ, ಆಮೇಲೆ ಊಟಕ್ಕೆ ಕೂರುವುದು ಪದ್ಧತಿ. ನಾನು ಆ ಬುಟ್ಟಿಗಳನ್ನೆಲ್ಲ ಜೋಳದ ಸಾಲಿನ ಮುಂದೆ ಜೋಡಿಸಿ ಫೋಟೊ ತೆಗೆದೆ. ಅದರಲ್ಲಿ ನನ್ನ ನೆರಳು ಬಿದ್ದಿತ್ತು, ಇನ್ನೊಂದು ತೆಗೆದೆ. ಮೈದುನನ ಚಿಕ್ಕ ಮಗ ಕಡುಬಿಗೆ ಕೈ ಚಾಚಿದ, ಅವನ ಕೈಯನ್ನು ಪಕ್ಕಕ್ಕೆ ತಳ್ಳಿ ಮೂರನೆಯದು ತೆಗೆದೆ. ಅಲ್ಲಿ ಸಿಗ್ನಲ್ ಇರಲಿಲ್ಲ. ಒಡ್ಡಿನ ತುದಿಗೆ ಹೋದರೆ ಸಿಗುತ್ತದೆ ಎಂದು ಯಾರೋ ಹೇಳಿದರು, ಹೋದೆ. ಹಾಕಿ, ನಾಲ್ಕು ಜನ ಮೆಚ್ಚುವವರೆಗೆ ನಿಂತು ತಿರುಗಿ ಬಂದಾಗ ಚರಗ ಚೆಲ್ಲುವುದು ಮುಗಿದಿತ್ತು. ಹಬ್ಬದ ಶುಭಾಶಯ ಕೋರಿದವರು ನೂರಾ ಎಂಬತ್ತು ಜನ. ಹಬ್ಬದಲ್ಲಿ ನಾನಿರಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆಯವರು ಪಡಸಾಲೆಯಲ್ಲಿ ಲಿಂಗಪೂಜೆಗೆ ಕುಳಿತಿದ್ದರು. ಎಡ ಅಂಗೈ ಎದೆಯ ಮಟ್ಟಕ್ಕೆ, ಅದರ ಮೇಲೆ ಇಷ್ಟಲಿಂಗ, ದೃಷ್ಟಿ ಅಲ್ಲೇ. ಐವತ್ತು ವರ್ಷದ ರೂಢಿ, ರೆಪ್ಪೆ ಅಲುಗುವುದಿಲ್ಲ. ನಾನು ಎದುರಿನ ಕಂಬಕ್ಕೆ ಒರಗಿ ಕುಳಿತಿದ್ದೆ. ನನ್ನ ಎಡ ಅಂಗೈಯೂ ಎದೆಯ ಮಟ್ಟಕ್ಕಿತ್ತು, ಅದರ ಮೇಲೆ ಮೊಬೈಲ್ ಇತ್ತು, ನನ್ನ ರೆಪ್ಪೆಯೂ ಅಲುಗಿರಲಿಲ್ಲ. ಅವರು ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು, ನನ್ನನ್ನು ನೋಡಿ ಸಹಜವಾಗಿ ಕೇಳಿದರು: "ನಿನ್ನ ಪೂಜೆ ಮುಗಿಯಿತೇನವ್ವ?"

ಅವರು ಚುಚ್ಚಲು ಕೇಳಿದ್ದಲ್ಲ, ಚಹಾ ಕುದಿಸಬೇಕಿತ್ತು.

ಸರಕಾರಿ ಆದೇಶಗಳೆಲ್ಲ ವಾಟ್ಸಾಪ್‌ನಲ್ಲೇ ಬರುತ್ತವೆ. ನೌಕರಿ ಮಾಡುವವರು ಅದನ್ನು ಬಿಡುವುದು ಹೇಗೆ?

ಬಿಡಲಾಗುವುದಿಲ್ಲ, ನಾನೂ ಬಿಟ್ಟಿಲ್ಲ. ಆದರೆ ನನ್ನ ಮೊಬೈಲ್‌ನಲ್ಲಿ ಇಪ್ಪತ್ತಮೂರು ಗ್ರೂಪ್‌ಗಳಿದ್ದವು. ಒಂದು ಭಾನುವಾರ ಕುಳಿತು ಎಣಿಸಿದೆ: ಶಾಲೆಯದು ಎರಡು, ತಾಲೂಕಿನ ಶಿಕ್ಷಕರದು ಮೂರು, ಬಿ.ಇಡಿ. ಗೆಳತಿಯರದು, ತವರಿನದು, ಗಂಡನ ಮನೆಯದು, ಗಂಡನ ಮನೆಯವರಲ್ಲಿ ಹೆಂಗಸರು ಮಾತ್ರ ಇರುವುದು, ಯಾವುದೋ ಸೀರೆ ಅಂಗಡಿಯದು, ಮೂರು ವರ್ಷದ ಹಿಂದಿನ ಒಂದು ಪ್ರವಾಸದ್ದು. ಆ ಪ್ರವಾಸದ ಗ್ರೂಪ್‌ನಲ್ಲಿ ಈಗಲೂ ಪ್ರತಿದಿನ ಬೆಳಿಗ್ಗೆ ಒಂದು ಗುಲಾಬಿ ಹೂವು ಬರುತ್ತಿತ್ತು. ಕಳಿಸುವವರು ಯಾರೆಂದು ಈಗ ನೆನಪಿಲ್ಲ.

ಈಗ ನಾಲ್ಕು ಉಳಿದಿವೆ. ಗ್ರೂಪ್ ಬಿಟ್ಟರೆ ಎಲ್ಲರಿಗೂ ಗೊತ್ತಾಗಿ ಅವಮಾನ ಎಂದು ಹೆದರುವವರಿಗೆ ಒಂದು ಮಾತು. 2022ರಿಂದ ವಾಟ್ಸಾಪ್‌ನಲ್ಲಿ ನೀವು ಹೊರಬಿದ್ದದ್ದು ಅಡ್ಮಿನ್‌ಗಳಿಗೆ ಮಾತ್ರ ಸೂಚನೆಯಾಗಿ ಹೋಗುತ್ತದೆ. ಬಿಡಲು ಬಾರದಂಥ ಗ್ರೂಪ್ ಇದ್ದರೆ 'ಯಾವಾಗಲೂ' ಎಂದು ಮ್ಯೂಟ್ ಮಾಡಿ ಆರ್ಕೈವ್‌ಗೆ ದೂಡಿ. ಪ್ರೈವೆಸಿ ವಿಭಾಗದಲ್ಲಿ, ನಿಮ್ಮನ್ನು ಗ್ರೂಪ್‌ಗೆ ಯಾರು ಸೇರಿಸಬಹುದು ಎಂಬುದನ್ನೂ ಬದಲಿಸಿ. ಸಿಕ್ಕಸಿಕ್ಕವರು ಎಳೆದು ಕೂರಿಸುವುದು ಅಲ್ಲಿಗೆ ನಿಲ್ಲುತ್ತದೆ. ನಾನು ಬೆಳಿಗ್ಗೆ ಎಂಟಕ್ಕೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ ನೋಡುತ್ತೇನೆ. ತುರ್ತಿದ್ದರೆ ಕರೆ ಮಾಡಿ ಎಂದು ಮುಖ್ಯೋಪಾಧ್ಯಾಯರಿಗೆ ಹೇಳಿದ್ದೇನೆ. ಹತ್ತು ತಿಂಗಳಲ್ಲಿ ಎರಡು ಸಲ ಕರೆ ಬಂದಿದೆ. ತುರ್ತು ಎಂದುಕೊಂಡು ಓಡುತ್ತಿದ್ದ ಸಂದೇಶಗಳ ಲೆಕ್ಕ ಇದರಲ್ಲಿ ಹೊರಬಿತ್ತು.

ಖಾತೆಯನ್ನು ಪೂರ್ತಿ ಅಳಿಸಬೇಕೇ, ತಾತ್ಕಾಲಿಕವಾಗಿ ನಿಲ್ಲಿಸಿದರೆ ಸಾಕೇ?

ಮೊದಲು ನಿಲ್ಲಿಸಿ ನೋಡಿ. ಡಿಆಕ್ಟಿವೇಟ್ ಮಾಡಿದರೆ ಏನೂ ಹೋಗುವುದಿಲ್ಲ, ಬೇಕೆಂದಾಗ ಮತ್ತೆ ತೆರೆಯಬಹುದು. ಡಿಲೀಟ್ ಎಂದು ಕೊಟ್ಟರೆ ಫೇಸ್‌ಬುಕ್ 30 ದಿನ ಕಾಯುತ್ತದೆ. ಆ ಅವಧಿಯಲ್ಲಿ ನೀವು ಮರಳಿ ಒಳಹೊಕ್ಕು ರದ್ದು ಮಾಡಬಹುದು, ಅದು ಕಳೆದರೆ ಇಲ್ಲ. ಎಲ್ಲವೂ ಅಳಿಯಲು 90 ದಿನಗಳವರೆಗೆ ಹಿಡಿಯಬಹುದು. ಇನ್‌ಸ್ಟಾಗ್ರಾಮ್‌ಗೂ 30 ದಿನದ ಗಡುವಿದೆ. ಅಳಿಸುವ ಮುನ್ನ ನಿಮ್ಮ ಮಾಹಿತಿಯ ಪ್ರತಿಯನ್ನು ಇಳಿಸಿಕೊಳ್ಳಿ. ಮಕ್ಕಳ ಚಿಕ್ಕಂದಿನ ಫೋಟೊಗಳು ಅಲ್ಲಿ ಮಾತ್ರ ಇರುವ ಮನೆಗಳು ಬಹಳ ಇವೆ.

ನಾನು ಮೊದಲು ನಲವತ್ತು ದಿನ ಎಂದು ಗಡಿ ಹಾಕಿಕೊಂಡೆ. ಉರ್ದು ಕಲಿಸುವ ಸಹೋದ್ಯೋಗಿ ಕೇಳಿ ನಕ್ಕು, "ಹಾಗಾದರೆ ಚಿಲ್ಲಾಕ್ಕೆ ಕುಳಿತಿದ್ದೀರಿ ಎನ್ನಿ" ಎಂದರು. ಸೂಫಿಗಳಲ್ಲಿ ನಲವತ್ತು ದಿನ ಏಕಾಂತದಲ್ಲಿರುವ ಸಾಧನೆಗೆ ಆ ಹೆಸರು. ಖ್ವಾಜಾ ಬಂದೇನವಾಜರ ಊರಿನಲ್ಲಿ ಇದ್ದುಕೊಂಡು ನನಗೆ ಆ ಪದ ಗೊತ್ತಿರಲಿಲ್ಲ. ನಲವತ್ತೊಂದನೆಯ ದಿನ ಇನ್‌ಸ್ಟಾಗ್ರಾಮ್ ಅಳಿಸಿದೆ. ಫೇಸ್‌ಬುಕ್ ಇನ್ನೂ ನಿಲ್ಲಿಸಿದ ಸ್ಥಿತಿಯಲ್ಲೇ ಇದೆ. ಯಾಕೆ ಅಳಿಸಿಲ್ಲ ಎಂದು ಕೇಳಬೇಡಿ.

ಮೊದಲ ವಾರ ಏನಾಗುತ್ತದೆ?

ಹೆಬ್ಬೆರಳು ನಿಮ್ಮ ಮಾತು ಕೇಳುವುದಿಲ್ಲ. ಆ್ಯಪ್ ತೆಗೆದುಹಾಕಿದ್ದರೂ ಬೆರಳು ಅದೇ ಜಾಗವನ್ನು ಒತ್ತುತ್ತಿತ್ತು. ಆ ಜಾಗಕ್ಕೆ ಕ್ಯಾಲ್ಕ್ಯುಲೇಟರ್ ಬಂದು ಕುಳಿತಿತ್ತು. ಒಂದು ದಿನದಲ್ಲಿ ಎಷ್ಟು ಸಲ ಕ್ಯಾಲ್ಕ್ಯುಲೇಟರ್ ತೆರೆದೆನೋ ಲೆಕ್ಕವಿಲ್ಲ, ಅದೇ ಕ್ಯಾಲ್ಕ್ಯುಲೇಟರ್‌ನಲ್ಲಿ ಲೆಕ್ಕ ಹಾಕಬಹುದಿತ್ತು. ಹಾಲು ಉಕ್ಕುವುದನ್ನು ಕಾಯುವಾಗ, ಆಟೊದಲ್ಲಿ, ಪರೀಕ್ಷೆಯ ಮೇಲ್ವಿಚಾರಣೆ ಮುಗಿದು ಕಟ್ಟು ಕಟ್ಟುವ ಮೊದಲಿನ ಐದು ನಿಮಿಷದಲ್ಲಿ ಕೈ ಚೀಲದೊಳಗೆ ತಾನಾಗಿ ಹೋಗುತ್ತಿತ್ತು. ಜೊತೆಗೆ ಸಣ್ಣ ಕೋಪ. ಮಗಳ ಮೇಲೆ, ಗಂಡನ ಮೇಲೆ, ಕುಕ್ಕರ್ ಮೇಲೆ. ಆರನೆಯ ದಿನ ರಾತ್ರಿ ಒಂಬತ್ತಕ್ಕೇ ನಿದ್ದೆ ಬಂತು, ಅದನ್ನು ಜ್ವರ ಎಂದುಕೊಂಡೆ.

ಮೊಬೈಲ್ ಅನ್ನು ಮಲಗುವ ಕೋಣೆಯಲ್ಲಿ ಇಡಬೇಡಿ. ಒಂದು ಸಲಹೆ ಮಾತ್ರ ಕೊಡು ಎಂದರೆ ಇದನ್ನೇ ಕೊಡುತ್ತೇನೆ. ಅಲಾರಂ ಬೇಕೆಂಬ ನೆಪ ನನಗೂ ಇತ್ತು, ಒಂದು ಗಡಿಯಾರ ತಂದೆ.

ಮನಸ್ಸು ಗಟ್ಟಿ ಇದ್ದರೆ ಸಾಲದೇ? ಮಿತವಾಗಿ ನೋಡಬಹುದಲ್ಲ?

ನೋಡುವವರಿದ್ದಾರೆ, ಅವರಿಗೆ ನಮಸ್ಕಾರ. ಆದರೆ ಇದು ನಮ್ಮ ಗಟ್ಟಿತನವನ್ನು ಸಡಿಲಿಸಲೆಂದೇ ಕಟ್ಟಿದ ಯಂತ್ರ. ಪುಟಕ್ಕೊಂದು ಕೊನೆ ಇದ್ದ ಕಾಲದಲ್ಲಿ ಕೊನೆ ಬಂದಾಗ ಏಳುತ್ತಿದ್ದೆವು. 2006ರಲ್ಲಿ ಆಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಕೊನೆಯೇ ಇಲ್ಲದಂತೆ ಪುಟ ಉರುಳುವ ಉಪಾಯ ರೂಪಿಸಿದ. ಮುಂದೆ ಅದಕ್ಕಾಗಿ ತಾನೇ ಪಶ್ಚಾತ್ತಾಪ ಪಟ್ಟ. 2009ರಲ್ಲಿ ಫೇಸ್‌ಬುಕ್‌ಗೆ ಲೈಕ್ ಗುಂಡಿ ಬಂತು. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು, ಹಳ್ಳಿಯ ಕಟ್ಟೆಗೂ ಇದು ತಲುಪಿತು. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾದಾಗ ಮುಗಿಯಿತು ಎಂದುಕೊಂಡೆವು, ಮರು ತಿಂಗಳೇ ಇನ್‌ಸ್ಟಾಗ್ರಾಮ್ ಇಲ್ಲಿ ರೀಲ್ಸ್ ಶುರು ಮಾಡಿತು.

ಕೈ ಯಾಕೆ ಬಿಡುವುದಿಲ್ಲ ಎಂಬುದಕ್ಕೆ ಮನಶ್ಶಾಸ್ತ್ರಜ್ಞ ಸ್ಕಿನ್ನರ್‌ನ ಪ್ರಯೋಗಗಳಿವೆ. ಕುಕ್ಕಿದಾಗಲೆಲ್ಲ ಕಾಳು ಸಿಕ್ಕರೆ, ಅದು ನಿಂತ ಮೇಲೆ ಪಾರಿವಾಳ ಬೇಗ ಕೈಬಿಡುತ್ತದೆ. ಯಾವಾಗ ಸಿಗುತ್ತದೆ ಎಂದು ತಿಳಿಯದಿದ್ದರೆ ಕುಕ್ಕುತ್ತಲೇ ಇರುತ್ತದೆ. ನಮ್ಮ ಓಣಿಯವರಿಗೆ ಪಾರಿವಾಳ ಬೇಕಾಗಿಲ್ಲ. ನಲ್ಲಿ ನೀರು ದಿನಾ ಆರು ಗಂಟೆಗೆ ಬರುವಂತಿದ್ದರೆ ಐದೂವರೆಯವರೆಗೆ ನಿಶ್ಚಿಂತೆಯಿಂದ ಇರಬಹುದು. ಯಾವ ದಿನ, ಯಾವ ಹೊತ್ತು ಎಂದು ಗೊತ್ತಿಲ್ಲದಿದ್ದರೆ ಇಡೀ ರಾತ್ರಿ ಒಂದು ಕಿವಿ ನಲ್ಲಿಯ ಕಡೆಗೇ ಇರುತ್ತದೆ. ಮೇ ತಿಂಗಳಲ್ಲಿ ನಾವೆಲ್ಲ ಹಾಗೆ ಮಲಗಿದವರು. ಮೊಬೈಲ್ ಕೂಡ ಅಂಥ ನಲ್ಲಿ. ಒಮ್ಮೊಮ್ಮೆ ಬರೀ ಗಾಳಿ ಬುಸುಗುಡುತ್ತದೆ, ಒಮ್ಮೊಮ್ಮೆ ಕೊಡ ತುಂಬುತ್ತದೆ.

ಸುದ್ದಿ ಹೇಗೆ ತಿಳಿಯುತ್ತದೆ?

ಬೆಳಿಗ್ಗೆ ಪತ್ರಿಕೆ ಬರುತ್ತದೆ. ಮಿಕ್ಕದ್ದನ್ನು ಪಕ್ಕದ ಮನೆಯವರು ಹೇಳುತ್ತಾರೆ, ಕೇಳದಿದ್ದರೂ.

ಉಳಿದ ಹೊತ್ತಿನಲ್ಲಿ ಏನು ಮಾಡುತ್ತೀರಿ? ಅಂತರಂಗ, ಒಳಗಿನ ಬದುಕು ಎನ್ನುತ್ತಾರಲ್ಲ, ಅದು ಸಿಕ್ಕಿತೇ?

ಈ ಪ್ರಶ್ನೆಗೆ ಮೊದಮೊದಲು ಚೆಂದದ ಉತ್ತರ ಕೊಡುತ್ತಿದ್ದೆ: ಓದುತ್ತೇನೆ, ಗಿಡ ಹಾಕಿದ್ದೇನೆ, ಸಂಜೆ ನಡೆಯುತ್ತೇನೆ. ಸುಳ್ಳಲ್ಲ, ಆದರೆ ನಡೆದದ್ದು ಅದಲ್ಲ.

ಮೊದಲು ಬಂದದ್ದು ಬೇಸರ. ದಪ್ಪ ಬೇಸರ, ಚಿಕ್ಕಂದಿನ ಬೇಸಿಗೆ ರಜೆಯ ಮಧ್ಯಾಹ್ನದಂಥದ್ದು. ಹೊರಗೆ ನಲವತ್ತೆರಡು ಡಿಗ್ರಿ, ಒಳಗೆ ಫ್ಯಾನ್, ಮಾಡಲು ಏನೂ ಇಲ್ಲ. ಈ ಬೇಸರವನ್ನು ತಡೆಯಲಾರದೆ ಅರ್ಧ ಜನ ಮೂರನೆಯ ವಾರಕ್ಕೆ ಮರಳುತ್ತಾರೆ ಎಂದು ನನ್ನ ಊಹೆ.

ಅದರ ಹಿಂದೆ ಬಂದವರು ಅಪ್ಪ. ಅವರು ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ತೀರಿಕೊಂಡ ದಿನವೇ ಅವರ ಫೋಟೊ ಹಾಕಿ ನಾಲ್ಕು ಸಾಲು ಬರೆದಿದ್ದೆ. ಮುನ್ನೂರಕ್ಕೂ ಹೆಚ್ಚು ಜನ 'ಓಂ ಶಾಂತಿ' ಎಂದಿದ್ದರು. ಒಬ್ಬೊಬ್ಬರಿಗೂ ಕೈ ಮುಗಿಯುವ ಚಿತ್ರ ಒತ್ತುತ್ತಾ ಮೂರು ದಿನ ಕಳೆದಿದ್ದೆ. ಅದೇ ದುಃಖ ಎಂದುಕೊಂಡಿದ್ದೆ.

ಫೆಬ್ರವರಿಯ ಒಂದು ರಾತ್ರಿ ಮಾಳಿಗೆಯ ಮೇಲೆ ಸುಮ್ಮನೆ ಕುಳಿತಿದ್ದೆ, ಎಲ್ಲಿಂದಲೋ ಸೀತನಿ ಸುಡುವ ವಾಸನೆ ಬಂತು. ನನ್ನ ಹತ್ತನೆಯ ವಯಸ್ಸಿನಲ್ಲಿ ಅಪ್ಪ ಹೊಲದಲ್ಲಿ ಕುಳ್ಳಿನ ಬೆಂಕಿ ಮಾಡಿ ಹಾಲುಗಾಳಿನ ಜೋಳದ ತೆನೆ ಸುಡುತ್ತಿದ್ದರು. ಸುಟ್ಟ ತೆನೆಯನ್ನು ಎರಡೂ ಅಂಗೈ ನಡುವೆ ತಿಕ್ಕಿ, ಒಂದು ಅಂಗೈಯಿಂದ ಇನ್ನೊಂದಕ್ಕೆ ಸುರಿಯುತ್ತಾ ಊದುತ್ತಿದ್ದರು. ಹೊಟ್ಟು ಹಾರಿ ಅವರ ಮೀಸೆಗೆ ಅಂಟುತ್ತಿತ್ತು. ಆಮೇಲೆ "ಹಿಡಿ" ಎನ್ನುತ್ತಿದ್ದರು. ನಾನು ಅಂಗೈ ಒಡ್ಡುತ್ತಿದ್ದೆ, ಬಿಸಿ ಕಾಳು ಬೀಳುತ್ತಿತ್ತು. ಸುಡುತ್ತದೆ ಎಂದು ಕೈ ಕೊಡವಿದರೆ ಕಾಳು ಮಣ್ಣುಪಾಲಾಗುತ್ತಿತ್ತು, ಆದ್ದರಿಂದ ಕೊಡವುತ್ತಿರಲಿಲ್ಲ. ಈ ಸಂಗತಿ ನನಗೆ ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ನೆನಪಾಗಿರಲಿಲ್ಲ. ಅಂದು ರಾತ್ರಿ ಬಹಳ ಹೊತ್ತು ಅತ್ತೆ. ಕೆಳಗಿನಿಂದ ಗಂಡ ಕೂಗಿದರು, ನೆಗಡಿ ಎಂದೆ.

ಒಳಗಿನ ಬದುಕು ಎಂದರೆ ಶಾಂತಿ, ಬೆಳಕು, ಸಣ್ಣ ಗಂಟೆಯ ನಾದ ಎಂದುಕೊಂಡು ಬರುವವರಿಗೆ ಇದನ್ನು ಹೇಳುತ್ತೇನೆ. ನನಗೆ ಅಲ್ಲಿ ಸಿಕ್ಕದ್ದು ಬಾಕಿ ಉಳಿದ ಅಳು, ಒಬ್ಬ ಗೆಳತಿಯ ಮೇಲಿನ ಹಳೆಯ ಹೊಟ್ಟೆಕಿಚ್ಚು, ಕ್ಷಮೆ ಕೇಳದೆ ಬಿಟ್ಟ ಒಂದು ತಪ್ಪು. ಮನೆ ಗುಡಿಸದೆ ಬಹಳ ದಿನವಾದರೆ ಮೂಲೆಯಲ್ಲಿ ಏನಿರುತ್ತದೋ ಅದೇ ಇತ್ತು.

ಧ್ಯಾನ ಮಾಡಬೇಕೇ? ಕಲಬುರಗಿಯಲ್ಲಿ ಸುಮ್ಮನೆ ಕೂರಲು ಜಾಗ ಎಲ್ಲಿದೆ?

ಧ್ಯಾನ ಗೊತ್ತಿದ್ದರೆ ಮಾಡಿ. ನನಗೆ ಬರುವುದಿಲ್ಲ, ಸುಮ್ಮನೆ ಕೂರುತ್ತೇನೆ.

ವಿಶ್ವವಿದ್ಯಾಲಯದ ಕಡೆ ಹೋದರೆ 2007ರಲ್ಲಿ ಆರಂಭವಾದ ಬುದ್ಧ ವಿಹಾರವಿದೆ. ಮೇಲಿನ ಗುಮ್ಮಟದ ಫೋಟೊ ತೆಗೆಯುವವರೇ ಹೆಚ್ಚು, ಕೆಳಗಿನ ಧ್ಯಾನಮಂದಿರಕ್ಕೆ ಇಳಿಯಿರಿ. ಕೋಟೆಯೊಳಗಿನ ಜಾಮಿ ಮಸೀದಿ 1367ರದು. ಮಸೀದಿಗಳಲ್ಲಿ ಸಾಮಾನ್ಯವಾಗಿ ಇರುವ ತೆರೆದ ಅಂಗಳ ಇದರಲ್ಲಿಲ್ಲ, ಪೂರ್ತಿ ಛಾವಣಿಯೇ. ಬೇಸಿಗೆಯ ಮಧ್ಯಾಹ್ನ ಆ ಕಮಾನುಗಳ ಸಾಲಿನ ನೆರಳಿನಲ್ಲಿ ನಿಂತರೆ ಮಾತಾಡಬೇಕೆನಿಸುವುದಿಲ್ಲ. ಶರಣಬಸವೇಶ್ವರ ಗುಡಿ ನನಗೆ ಬೇಕಾದ ಜಾಗ, ಆದರೆ ಅಲ್ಲಿ ಬೆಳಿಗ್ಗೆ ಬೇಗ ಹೋಗಬೇಕು. 'ಅಪ್ಪನ ಕೆರೆ' ಎಂದು ಕರೆಯುವ ಊರ ಕೆರೆಯ ದಂಡೆ ಸಂಜೆ ಹೊತ್ತು ಜಾತ್ರೆಯಂತಿರುತ್ತದೆ, ಅಲ್ಲಿ ಸಿಗುವುದು ಪಾನಿಪೂರಿ.

ಒಂದು ದಿನ ಬಿಡುವಿದ್ದರೆ ಬೀದರ್‌ನ ಝರಣಿ ನರಸಿಂಹನಲ್ಲಿಗೆ ಹೋಗಿ. ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ನಡೆದು ದೇವರನ್ನು ಕಾಣಬೇಕು. ಎರಡೂ ಕೈ ಮಕ್ಕಳನ್ನು ಎತ್ತಿ ಹಿಡಿಯಲು ಬೇಕಾಗುತ್ತವೆ. ಮೊಬೈಲ್ ಇಲ್ಲದೆ ಅಷ್ಟು ಜನ ಒಟ್ಟಿಗೆ ಇರುವುದನ್ನು ನಾನು ಬಹಳ ವರ್ಷಗಳ ಮೇಲೆ ಅಲ್ಲಿಯೇ ಕಂಡದ್ದು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಲೆಯ ಮೇಲೆ ಹಿಡಿದುಕೊಂಡು ಬಂದ ಒಬ್ಬ ಮಹಾನುಭಾವನೂ ಇದ್ದ ಎನ್ನುವುದನ್ನು ಮುಚ್ಚಿಡುವುದಿಲ್ಲ.

ಬಂಧುಗಳು ಸಿಟ್ಟಾಗಲಿಲ್ಲವೇ?

ಆದರು. ಹೈದರಾಬಾದಿನಲ್ಲಿರುವ ಅಕ್ಕ ಮೊಮ್ಮಗುವಿನ ಹೆಸರಿಡುವ ಫೋಟೊ ಹಾಕಿದ್ದಳು, ನಾನು ಮೆಚ್ಚಲಿಲ್ಲ ಎಂದು ಒಂದು ತಿಂಗಳು ಮುನಿಸಿಕೊಂಡಳು. ಕರೆ ಮಾಡಿದೆ. ಹದಿನೈದು ನಿಮಿಷ ಬೈದಳು, ಆಮೇಲೆ ಒಂದು ಗಂಟೆ ಮಾತಾಡಿದಳು. ಸೊಸೆಯ ಜೊತೆ ಸರಿಯಿಲ್ಲವೆಂದು ಆಗ ತಿಳಿಯಿತು. ಫೋಟೊದಲ್ಲಿ ಇಬ್ಬರೂ ನಗುತ್ತಿದ್ದಾರಂತೆ. ಈಗ ಪ್ರತಿ ಗುರುವಾರ ರಾತ್ರಿ ನಮ್ಮಿಬ್ಬರ ಮಾತು.

ಕೆಲವರು ಹೋಗಿಯೇ ಬಿಟ್ಟರು. ಹುಟ್ಟುಹಬ್ಬಕ್ಕೆ ಇನ್ನೂರು ಜನ ಹಾರೈಸುತ್ತಿದ್ದವರು ಈ ವರ್ಷ ಒಂಬತ್ತು ಜನವಾದರು. ಅಂದು ಬೆಳಿಗ್ಗೆ ಸ್ವಲ್ಪ ನೋವಾಯಿತು, ಇಲ್ಲವೆನ್ನುವುದಿಲ್ಲ.

ಮಕ್ಕಳನ್ನು ಬಿಡಿಸುವುದು ಹೇಗೆ?

ತಿಳಿದವರನ್ನು ಕೇಳಿ. ನನ್ನ ಮಗಳು ಪಿಯುಸಿ ಓದುತ್ತಾಳೆ, ಬಿಟ್ಟಿಲ್ಲ. ಊಟದ ಹೊತ್ತಿನಲ್ಲಿ ಮನೆಯ ಎಲ್ಲ ಮೊಬೈಲ್‌ಗಳು ರೊಟ್ಟಿ ಬುಟ್ಟಿಯ ಮೇಲಿನ ಮಾಡದಲ್ಲಿ ಇರುತ್ತವೆ ಎಂಬ ಒಂದೇ ನಿಯಮ ನಡೆಯುತ್ತಿದೆ. ಅದೂ ಅವಳಿಗಿಂತ ಹೆಚ್ಚಾಗಿ ಅವಳ ಅಪ್ಪ ಮುರಿಯುತ್ತಾರೆ.

ಬಿಟ್ಟ ಮೇಲೂ ನೆಮ್ಮದಿ ಇಲ್ಲ, ಮನಸ್ಸು ಇನ್ನೂ ಕುಸಿಯುತ್ತಿದೆ. ಏನು ಮಾಡಲಿ?

ಹಾಗಾದರೆ ಕಾರಣ ಮೊಬೈಲ್ ಅಲ್ಲದಿರಬಹುದು. ಅದು ಯಾವುದನ್ನೋ ಮರೆಸುತ್ತಿದ್ದಿರಬಹುದು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕು ಬೇಡವೆನಿಸುತ್ತದೆ ಎಂದರೆ ಇಂಥ ಪುಟ ಓದುತ್ತ ಕೂರಬೇಡಿ. 14416ಕ್ಕೆ ಕರೆ ಮಾಡಿ. ಅದು ಸರಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲಿ ಮಾತಾಡಬಹುದು. ಮೊಬೈಲ್ ಚಟಕ್ಕೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಒಂದು ವಿಶೇಷ ಚಿಕಿತ್ಸಾಲಯವಿದೆ. ವೈದ್ಯರ ಬಳಿ ಹೋಗುವುದು ನಾಚಿಕೆಯ ಸಂಗತಿಯಲ್ಲ. ಸಕ್ಕರೆ ಕಾಯಿಲೆಗೆ ಹೋಗುವಾಗ ನಾವು ಸೆರಗು ಮುಚ್ಚಿಕೊಂಡು ಹೋಗುವುದಿಲ್ಲವಲ್ಲ.

ನಡುವೆ ಜಾರಿದ್ದೀರಾ?

ಮೂರು ಸಲ. ಒಮ್ಮೆ ಗಂಡನ ಮೊಬೈಲ್‌ನಲ್ಲಿ, ಅವರು ಸ್ನಾನಕ್ಕೆ ಹೋದಾಗ. ಆ ಹೊಟ್ಟೆಕಿಚ್ಚಿನ ಗೆಳತಿಯ ಪುಟವನ್ನೇ ಹುಡುಕಿದೆ. ಅವಳು ಹೊಸ ಮನೆ ಕಟ್ಟಿಸಿದ್ದಾಳೆ.

ನಿಮ್ಮ ಅತ್ತೆಯವರು ಈಗ ಏನೆನ್ನುತ್ತಾರೆ?

ಈ ವರ್ಷ ಮೊಣಕಾಲು ನೋವಿನಿಂದ ಅವರಿಗೆ ಶರಣಬಸವೇಶ್ವರ ರಥೋತ್ಸವಕ್ಕೆ ಹೋಗಲಾಗಲಿಲ್ಲ. ಮಂಚದ ಮೇಲೆ ಕುಳಿತು ಕಣ್ಣೀರು ತೆಗೆದರು. ಮೊಮ್ಮಗಳು ತನ್ನ ಮೊಬೈಲ್‌ನಲ್ಲಿ ತೇರು ಎಳೆಯುವುದನ್ನು ತೋರಿಸಿದಳು. ಅವರು ಪರದೆಗೆ ಕೈ ಮುಗಿದರು, ನಾಣ್ಯವನ್ನೂ ಹುಡುಕಿದರು. ಅದಾದ ಮೇಲೆ ಒಂದು ಪ್ರವಚನ, ಅದಾದ ಮೇಲೆ ಭಜನೆ, ಅದಾದ ಮೇಲೆ ಯಾರೋ ಒಬ್ಬಳು ಬದನೆಕಾಯಿ ಎಣ್ಣೆಗಾಯಿ ಮಾಡುವುದು. ನನ್ನ ಹಳೆಯ ಮೊಬೈಲ್ ಈಗ ಅವರ ದಿಂಬಿನ ಕೆಳಗಿದೆ. ಬೆಳಗಿನ ಲಿಂಗಪೂಜೆ ತಪ್ಪಿಲ್ಲ, ಮಧ್ಯಾಹ್ನ ಮಾತ್ರ ಎರಡು ತಾಸು ಎಡ ಅಂಗೈ ಎದೆಯ ಮಟ್ಟಕ್ಕೆ ಬರುತ್ತದೆ.

ಅವರು ನನ್ನನ್ನು ಕೇಳಿದ್ದನ್ನು ನಾನೂ ಅವರನ್ನು ಕೇಳಬೇಕೆಂದು ಒಂದು ದಿನ ಹತ್ತಿರ ಹೋಗಿ ನಿಂತೆ. ತಲೆ ಎತ್ತದೆಯೇ, "ಯವ್ವಾ, ಚಾರ್ಜರ್ ಎಲ್ಲಿಟ್ಟಿದ್ದೀ?" ಎಂದರು. ತಂದುಕೊಟ್ಟೆ.